ಗಡಿಯಾರ ಮಾವನ ಪಾಲಿನ ಸೊಪ್ಪು

ಏಪ್ರಿಲ್ ೧೧, ಗುರುವಾರ

ಪ್ರೀತಿಯ ಅಕ್ಕ,

ಹೇಗಿದ್ದೀಯ? ಭಾವ ಹೇಗಿದ್ದಾರೆ? ದೊಡ್ಡವಳ ಹಲ್ಲಿನ ತಂತಿ ಬಿಚ್ಚಿದರಾ? ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಭಾನುವಾರ ಫೋನು ಮಾಡಿದಾಗಲೇ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನಾನು ಎಂಥವಳು ಎಂದು ನಿನಗೆ ಗೊತ್ತು. ನೀನು ಮಾತಾಡುತ್ತೀಯ, ನಾನು ‘ಹೂಂ’ ಎನ್ನುತ್ತೇನೆ. ಚಳಿಗಾಲದಲ್ಲೊಮ್ಮೆ ಹದಿನೇಳು ಸಲ ‘ಹೂಂ’ ಅಂದಿದ್ದೆನಂತೆ. ಪಕ್ಕದಲ್ಲಿ ಕೂತು ಅತ್ತೆ ಎಣಿಸಿದ್ದಳು. ‘ಅವಳು ಈ ಮನೆ ನನ್ನ ಹೆಸರಿಗೆ ಬರ್ಕೊಡು ಅಂದಿದ್ರೂ ಹೂಂ ಅಂತಿದ್ದೆ ಕಣೆ, ಗುಮ್ಮನಗುಸಕಿ’ ಎಂದಳು.

ಈ ಭಾನುವಾರ ನೀನು ಕೇಳಿದ್ದು ಮನೆಯನ್ನಲ್ಲ, ಅತ್ತೆಯನ್ನು. ಇಪ್ಪತ್ತೊಂದನೇ ತಾರೀಖು ಕಾರು ತರುತ್ತೇನೆ, ಅವಳ ಬಟ್ಟೆಬರೆ ಕಟ್ಟಿಡು, ಇನ್ನು ಅವಳನ್ನು ಕಾಲುವೆ ದಂಡೆಗೆ ಬಿಡುವುದು ಬೇಡ, ಈ ಸಲ ಗಡಿಯಾರ ಮಾವ ಬದುಕಿಕೊಂಡರು, ಮುಂದಿನ ಸಲ ಏನು ಗತಿ ಎಂದೆ. ಅದಕ್ಕೂ ಹೂಂ ಅಂದೆ. ಆ ಒಂದು ಹೂಂ ಅನ್ನು ವಾಪಸ್ಸು ತೆಗೆದುಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಅದೊಂದು ಅನುಕೂಲ.

ಕೆಲಸ ಹಾಗೇ ಇದೆ. ಪ್ರೆಸ್ಸಿನಲ್ಲಿ ಈಗ ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿಗಳ ಕರಡು ತಿದ್ದುತ್ತಿದ್ದೇನೆ. ಸಾಹಿತ್ಯ ಓದಿದವಳು ಎಂದು ಸೇರಿಸಿಕೊಂಡರು, ಕೊಟ್ಟದ್ದು ಇರುವೆಯಷ್ಟು ಅಕ್ಷರದ ‘ವಾಂತಿ, ತಲೆಸುತ್ತು, ಬಾಯಿ ಒಣಗುವುದು’. ಒಂದು ಚೀಟಿಗೆ ನಾಲ್ಕು ಸಲ ಓದಬೇಕು. ನಾಲ್ಕನೆಯ ಸಲ ಓದುವಾಗ ನನಗೇ ಬಾಯಿ ಒಣಗಿರುತ್ತದೆ. ಕಳೆದ ತಿಂಗಳು ಒಂದು ಶನಿವಾರವೂ ರಜೆ ಇರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟ ಜಾಗದಲ್ಲೇ ಗೋಡೆಗೆ ಒರಗಿ ಕೂತುಬಿಡುತ್ತೇನೆ. ಅತ್ತೆ ಬಂದು ಕೈಗೆ ಲೋಟ ಕೊಟ್ಟು, ‘ಇಪ್ಪತ್ತಾರು ವಯಸ್ಸಿಗೇ ಹಿಂಗಾದ್ರೆ ನನ್ನ ವಯಸ್ಸಿಗೆ ನಿನ್ನ ಬುಟ್ಟೀಲಿ ಹೊತ್ಕೊಂಡು ಹೋಗ್ಬೇಕು’ ಎನ್ನುತ್ತಿದ್ದಳು. ‘ಎನ್ನುತ್ತಿದ್ದಳು’ ಎಂದು ಬರೆದೆ, ನೋಡು. ಈಗ ಲೋಟ ಕೊಡುತ್ತಾಳೆ, ಅಷ್ಟೆ.

ಈ ವರ್ಷ ವಸಂತ ಬೇಗ ಬಂತು ಅಕ್ಕ. ಮಾರ್ಚ್ ಮಧ್ಯದಲ್ಲೇ ನಮ್ಮ ಕಟ್ಟಡದ ಅಂಗಳದಲ್ಲಿ, ನಲ್ಲಿಯ ನೀರು ಹರಿದು ಹೋಗುವ ಸಂದಿಯಲ್ಲಿ, ಹುಳಿಸೊಪ್ಪಿನ ಮೂರೆಲೆ ಕಾಣಿಸಿತು. ಅತ್ತೆ ಎರಡನೆಯ ಮಹಡಿಯಿಂದಲೇ ಅದನ್ನು ಕಂಡು ಕೆಳಗಿಳಿದು ಹೋಗಿ, ಒಂದೇ ಒಂದು ಎಲೆ ಕಿತ್ತು, ಅರ್ಧ ತಾನು ತಿಂದು ಅರ್ಧ ನನ್ನ ಬಾಯಿಗಿಟ್ಟಳು. ಹಲ್ಲು ಚುಳ್ಳೆಂದಿತು. ಐದು ತಿಂಗಳು ಕೋಣೆಯೊಳಗೆ ಒಲೆಯ ಹೊಗೆ, ಒಣಗದ ಬಟ್ಟೆ, ಕೆಮ್ಮು. ಆ ಹುಳಿ ನಾಲಿಗೆಗೆ ತಾಗಿದಾಗ ಮೈಯೊಳಗೆ ಯಾರೋ ಕಿಟಕಿ ತೆಗೆದಂತಾಯಿತು. ನಾವು ಚಿಕ್ಕವರಿದ್ದಾಗ ಅವಳು ಹೀಗೇ ಮಾಡುತ್ತಿದ್ದಳಲ್ಲ? ಅಪ್ಪ ಅಮ್ಮ ತೀರಿಕೊಂಡ ವರ್ಷ ನಾವಿಬ್ಬರೂ ಅನ್ನ ಮುಟ್ಟದೆ ಕೂತಾಗ, ಅಪ್ಪನ ಅಕ್ಕ ಎಂಬ ಒಂದೇ ಕಾರಣಕ್ಕೆ ನಮ್ಮನ್ನು ಹೊತ್ತುಕೊಂಡ ಈ ಅತ್ತೆ, ದಂಡೆಗೆ ಕರೆದುಕೊಂಡು ಹೋಗಿ ಎಲೆ ತಿನ್ನಿಸಿದಳು. ಹಸಿವು ಮೊದಲು ಬಂದದ್ದು ಆ ಹುಳಿಗೆ. ನಿನಗೆ ನೆನಪಿದೆಯೋ ಇಲ್ಲವೋ, ನೀನು ಆಗಲೇ ದೊಡ್ಡವಳು, ‘ಮೇಕೆ ಥರ ಹುಲ್ಲು ತಿನ್ನಲ್ಲ ನಾನು’ ಅಂದಿದ್ದೆ. ಆಮೇಲೆ ಎಲ್ಲರಿಗಿಂತ ಹೆಚ್ಚು ತಿಂದವಳು ನೀನೇ.

ಈ ಮಾರ್ಚಿನಲ್ಲಿ ಆ ಎಲೆ ತಿಂದ ಮೇಲೆ ಅತ್ತೆ ಅಂಗಳದಲ್ಲೇ ನಿಂತು ನನ್ನನ್ನು ಮೆಟ್ಟಿಲ ಹಿಂದಕ್ಕೆ ಎಳೆದಳು. ‘ಒಂದು ವಿಷ್ಯ. ಯಾರಿಗೂ ಹೇಳ್ಬೇಡ. ಚಳೀಲಿ ಆ ಜ್ವರ ಬಂದು ಹೋದಾಗಿಂದ ನಂಗೆ ಒಂದು ವಾಸನೇನೂ ತಿಳೀತಿಲ್ಲ.’

ಆಸ್ಪತ್ರೆಯ ಧೋಬಿಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಇಸ್ತ್ರಿ ಹಾಕಿದವಳು. ಹೊದಿಕೆ ಮೂಸಿ ಇದು ಮಕ್ಕಳ ವಾರ್ಡಿನದು, ಇದು ಹೆರಿಗೆ ವಾರ್ಡಿನದು ಎನ್ನುತ್ತಿದ್ದವಳು. ‘ಡಾಕ್ಟ್ರಿಗೆ ತೋರ್ಸೋಣ’ ಅಂದೆ. ‘ಅವರೇನು ಹೊಸ ಮೂಗು ಹಚ್ತಾರಾ? ಬಿಡು. ಕಣ್ಣಿದೆ, ಕೈಯಿದೆ. ಈ ಸಲ ಮೂಗು ಮಾತ್ರ ನಿಂದು ಸಾಲ ಕೊಡು. ಬೆಳ್ಳುಳ್ಳಿ ಸೊಪ್ಪಿಗೆ ಮಾತ್ರ. ಬಾಕಿದಕ್ಕೆಲ್ಲ ಬೇಡ.’

ನಿನಗೆ ಈ ಸೊಪ್ಪಿನ ವಿಷಯ ಗೊತ್ತು, ಆದರೂ ಬರೆಯುತ್ತೇನೆ, ಭಾವನಿಗೆ ಓದಿ ಹೇಳಬಹುದು. ಕಾಲುವೆ ದಂಡೆಯಲ್ಲಿ ಬೆಳೆಯುವ ಕಾಡು ಬೆಳ್ಳುಳ್ಳಿಗೆ ಅಗಲವಾದ, ಮೆತ್ತಗಿನ ಎಲೆ. ಅದನ್ನೇ ಹೋಲುವ ಇನ್ನೊಂದು ಗಿಡವಿದೆ. ಬೇಸಗೆ ಹತ್ತಿರವಾಗುವಾಗ ಬಿಳಿ ಗಂಟೆಯಂಥ ಪುಟ್ಟ ಹೂ ಬಿಡುತ್ತದೆ. ಅದು ವಿಷ. ಹೂ ಬರುವ ಮೊದಲು ಎರಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಎಲೆಯನ್ನು ಬೆರಳಲ್ಲಿ ಹಿಸುಕಿ ಮೂಸಬೇಕು, ಬೆಳ್ಳುಳ್ಳಿ ಘಾಟು ಬಂದರೆ ಸರಿ. ಇಷ್ಟಕ್ಕೇ ಮುಗಿಯುವುದಿಲ್ಲ. ಹತ್ತು ಎಲೆ ಕಿತ್ತರೆ ಬೆರಳಿಗೇ ಘಾಟು ಹತ್ತಿರುತ್ತದೆ, ಆಮೇಲೆ ಹುಲ್ಲು ಹಿಸುಕಿದರೂ ಬೆಳ್ಳುಳ್ಳಿಯೇ. ಅದಕ್ಕೆ ಅತ್ತೆಯ ಕಾನೂನು: ಪ್ರತಿ ಹಿಡಿಗೂ ಕಾಲುವೆಗಿಳಿದು, ಮರಳಲ್ಲಿ ಕೈ ಉಜ್ಜಿ ತೊಳೆದು, ಮತ್ತೆ ಹತ್ತಬೇಕು. ಚಿಕ್ಕವರಿದ್ದಾಗ ನಮಗೆ ಅದು ಆಟವಾಗಿತ್ತು. ನೀರು ಎಷ್ಟು ತಣ್ಣಗಿರುತ್ತದೆ ಎಂದರೆ ಮೂರನೆಯ ಸಲಕ್ಕೆ ಬೆರಳು ನನ್ನದಲ್ಲ ಅನ್ನಿಸುತ್ತದೆ.

ಮಾರ್ಚ್ ಮೂವತ್ತೊಂದು, ಭಾನುವಾರ ಹೋದೆವು. ಅತ್ತೆ ಹಳೆಯ ಕಾಲುಚೀಲವನ್ನು ಕೈಗೆ ತೊಟ್ಟುಕೊಂಡು ತುರಿಕೆ ಗಿಡದ ಕುಡಿ ಚಿವುಟಿದಳು. ಹಳದಿ ಹೂವಿನ ಕಹಿಸೊಪ್ಪನ್ನು ಚಾಕುವಿನಿಂದ ಬೇರು ಸಮೇತ ಎಬ್ಬಿಸಿದಳು. ಆಚೆ ಗೂಡ್ಸ್ ರೈಲು ನಿಂತಿತ್ತು, ಅದರ ಗಾರ್ಡು ಕೆಳಗಿಳಿದು, ‘ಅಮ್ಮಾ, ಏನು ಕಳ್ಕೊಂಡ್ರಿ?’ ಎಂದು ಕೂಗಿದ. ‘ಯೌವನ! ಸಿಕ್ಕಿದ್ರೆ ಮುಂದಿನ ಸ್ಟೇಷನ್ನಲ್ಲಿ ಕೊಡಪ್ಪಾ’ ಎಂದು ಅತ್ತೆ ಇಲ್ಲಿಂದ ಕೂಗಿದಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ. ನಾನು ಬೆಳ್ಳುಳ್ಳಿ ಸೊಪ್ಪು ಕೀಳಲು ಕೂತೆ. ಒಂದೊಂದು ಎಲೆಯನ್ನೂ ಮೂಸಿಯೇ ಚೀಲಕ್ಕೆ ಹಾಕಿದೆ. ಅತ್ತೆಯೂ ತನ್ನ ಹಳೆಯ ಜಾಗದಲ್ಲಿ ಒಂದಿಷ್ಟು ಕಿತ್ತಳು, ಅದನ್ನು ಹಿಡಿ ಹಿಡಿಯಾಗಿ ನನ್ನ ಮುಂದೆ ಚಾಚಿದಳು, ಹಿಡಿಗೊಂದು ಸಲ ಮೂಸಿದೆ. ಮನೆಗೆ ಬಂದು ಎಲ್ಲವನ್ನೂ ಮೇಜಿನ ಮೇಲೆ ಸುರಿದು, ಬೆರೆಸಿ, ಮನೆಗೊಂದರಂತೆ ಕಟ್ಟು ಕಟ್ಟಿದೆವು.

ಗಡಿಯಾರ ಮಾವನ ಚಾಳಿ ನಿನಗೆ ಗೊತ್ತಲ್ಲ. ಕೆಳಗಿನ ಮನೆಯ ಕಿಟಕಿಯಲ್ಲಿ ಕಣ್ಣಿಗೆ ಆ ಗಾಜಿನ ಕೊಳವೆ ಸಿಕ್ಕಿಸಿಕೊಂಡು ಕೂತಿರುತ್ತಾರೆ, ಅತ್ತೆಯ ಚೀಲ ಕಂಡರೆ ರಿಪೇರಿಗೆ ಬಂದ ಗಡಿಯಾರವನ್ನು ಅಲ್ಲೇ ಬಿಟ್ಟು ಏಳುತ್ತಾರೆ. ಎಲ್ಲರೂ ಬೇಯಿಸಿ ತಿಂದರೆ ಅವರಿಗೆ ಹಸಿಯದೇ ಆಗಬೇಕು. ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಹೆಚ್ಚಿದ ಸೊಪ್ಪು ಉದುರಿಸಿ, ಉಪ್ಪು. ಆವತ್ತೂ ಹಾಗೇ ತಿಂದರು. ಅವರ ಹೆಂಡತಿ ಸೊಪ್ಪು ಮುಟ್ಟುವವರಲ್ಲ. ನಾಲ್ಕು ಗಂಟೆಗೆ ಮಾವನಿಗೆ ವಾಂತಿ ಶುರುವಾಯಿತು. ಉಳಿದ ಮನೆಗಳಲ್ಲಿ ಸೊಪ್ಪು ಇನ್ನೂ ರಾತ್ರಿಯ ಅಡುಗೆಗೆಂದು ಹಾಗೇ ಇತ್ತು, ಅದನ್ನೆಲ್ಲ ವಾಪಸ್ಸು ತಂದು ಎಸೆದೆವು. ಐದಕ್ಕೆ ನಾಡಿ ನಿಧಾನವಾಯಿತು. ನಾನು ಅವರ ಕೈ ಹಿಡಿದುಕೊಂಡಿದ್ದೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗವಿತ್ತು ಎಂದರೆ ಅಷ್ಟರಲ್ಲಿ ನಾನು ಏನೇನೋ ಯೋಚಿಸಿ ಮುಗಿಸುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕವರು, ಗಾಬರಿಯಾಗಿದ್ದರು. ಮಾವ ಮಲಗಿದಲ್ಲಿಂದಲೇ, ‘ಡಾಕ್ಟ್ರೇ, ದಿನಕ್ಕೆ ಐದು ನಿಮಿಷ ಹಿಂದೆ ಬೀಳ್ತಿದ್ರೆ ಹೆದ್ರಬೇಡಿ. ಬೆನ್ನಿನ ಮುಚ್ಚಳ ತೆಗೆದು ಒಂದು ತೊಟ್ಟು ಎಣ್ಣೆ ಬಿಡಿ, ಸರಿಹೋಗುತ್ತೆ’ ಅಂದರು. ಯಾರೂ ನಗಲಿಲ್ಲ. ಮನೆಯಲ್ಲಿ ಅವರ ಬಟ್ಟಲಲ್ಲಿ ಉಳಿದಿದ್ದ ಎರಡು ಎಲೆಗಳನ್ನು ಹೆಂಡತಿ ಕವರಿನಲ್ಲಿ ತಂದಿದ್ದರು. ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ನರಗಳ ಮೇಲೆ ಉಗುರು ಎಳೆದಳು. ‘ಒಂದು ಬೆಳ್ಳುಳ್ಳಿ ಸೊಪ್ಪು. ಇನ್ನೊಂದು ಗಂಟೆಹೂವಿಂದು’ ಎಂದಳು. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತಳು. ಬಹಳ ಹೊತ್ತಿನ ಮೇಲೆ ಮಾವನ ಹಾಸಿಗೆಯ ಹೊದಿಕೆ ಎಳೆದು ಸರಿಮಾಡಿ, ‘ಅಂಚಿಗೆ ಇಸ್ತ್ರೀನೇ ಹಾಕಲ್ಲ ಈಗ’ ಅಂದಳು.

ಅವರು ನಾಲ್ಕು ದಿನಕ್ಕೆ ಮನೆಗೆ ಬಂದರು. ಈಗ ಚೆನ್ನಾಗಿದ್ದಾರೆ. ಇದನ್ನು ಫೋನಿನಲ್ಲಿ ಹೇಳಿದ್ದೇನೆ. ಹೇಳದೆ ಬಿಟ್ಟದ್ದು ಅಂಗಳದ ವಿಷಯ.

ಅವರು ಮನೆಗೆ ಬಂದ ಬೆಳಿಗ್ಗೆ, ನಲ್ಲಿಯಲ್ಲಿ ನೀರು ಬರುವ ಹೊತ್ತು, ಕಟ್ಟಡದ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದಾಗ, ಅತ್ತೆ ಕೆಳಗಿಳಿದಳು. ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು. ಗಡಿಯಾರ ಮಾವನ ಹೆಂಡತಿಯ ಎದುರು ನಿಂತು, ‘ತಪ್ಪು ನಂದೇ. ಜ್ವರ ಬಂದಾಗಿಂದ ನಂಗೆ ವಾಸನೆ ಗೊತ್ತಾಗ್ತಿಲ್ಲ. ಗೊತ್ತಿದ್ದೂ ಹೋದೆ’ ಎಂದಳು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ನನ್ನ ಕಡೆ ನೋಡಲೂ ಇಲ್ಲ. ನನ್ನ ಮೂಗಿನ ಸುದ್ದಿಯೇ ಇಲ್ಲ.

‘ಮೂವತ್ತು ವರ್ಷ ನಿನ್ನ ಕೈ ನೋಡ್ಕೊಂಡು ತಿಂದ್ರಲ್ಲೇ ನಮ್ಮನೆಯವ್ರು’ ಎಂದರು ಆಕೆ. ‘ಮೂಗು ಹೋಯ್ತು ಅಂತ ಒಂದು ಮಾತು ಹೇಳಕ್ಕೆ ಬಾಯಿನೂ ಹೋಗಿತ್ತಾ ನಿಂಗೆ?’

ಅತ್ತೆ ‘ನಾಚಿಕೆ ಆಯ್ತು’ ಅಂದಳು. ಅಷ್ಟೇ. ಬಸ್ ಡ್ರೈವರನ ಹೆಂಡತಿ, ಪ್ರತಿ ವರ್ಷ ಮೊದಲ ಕಟ್ಟು ತನಗೇ ಬೇಕು ಎಂದು ಜಗಳವಾಡುವವಳು, ತುಂಬದ ಕೊಡವನ್ನು ಎತ್ತಿಕೊಂಡು ಮೇಲೆ ಹೋದಳು. ಆ ದಿನದಿಂದ ಅತ್ತೆ ಅಂಗಳದಲ್ಲಿ ನಿಲ್ಲುವುದಿಲ್ಲ. ಎಲ್ಲರೂ ನೀರು ಹಿಡಿದು ಹೋದ ಮೇಲೆ ಇಳಿಯುತ್ತಾಳೆ.

ಕಣ್ಣು ಎಳೆಯುತ್ತಿದೆ. ಉಳಿದದ್ದು ಶನಿವಾರ ಬರೆಯುತ್ತೇನೆ.

ಏಪ್ರಿಲ್ ೧೩, ಶನಿವಾರ

ಈ ಶನಿವಾರ ರಜೆ ಕೊಟ್ಟರು. ಕೊಟ್ಟದ್ದಲ್ಲ, ನಿನ್ನೆ ಮ್ಯಾನೇಜರು ನನ್ನ ಮುಖ ನೋಡಿ, ‘ನೀವು ನಾಳೆ ಬರಬೇಡಿ, ಮಲ್ಕೊಳ್ಳಿ, ಈ ಚೀಟಿಯಲ್ಲಿ ಊಟಕ್ಕೆ ಮೊದಲು ಅನ್ನೋದು ಊಟದ ನಂತರ ಅಂತ ಹಾಗೇ ಬಿಟ್ಟಿದ್ರಿ’ ಅಂದರು. ಪುಣ್ಯಕ್ಕೆ ಅಚ್ಚಾಗುವ ಮೊದಲು ಅವರೇ ನೋಡಿದರು.

ಬೆಳಿಗ್ಗೆ ಅತ್ತೆ ಪೇಟೆಯಿಂದ ಬಂದಳು. ಚೀಲದಲ್ಲಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಕಟ್ಟಿದ ಪಾಲಕ್ ಇತ್ತು ಅಕ್ಕ. ಈ ಹೊತ್ತಿನಲ್ಲಿ, ಹೊರಗೆ ದಂಡೆಯ ಉದ್ದಕ್ಕೂ ಸೊಪ್ಪು ಪುಕ್ಕಟೆ ಬೆಳೆದು ನಿಂತಿರುವಾಗ. ಪ್ಯಾಕೆಟ್ಟನ್ನು ಕಿಟಕಿಗೆ ಹಿಡಿದು ಅದರ ಮೇಲೆ ಬರೆದದ್ದನ್ನು ಒಂದೊಂದೇ ಅಕ್ಷರ ಓದಿದಳು. ‘ತೊಳೆದಿದೆ ಅಂತ ಬರ್ದಿದ್ದಾರೆ. ಆದ್ರೂ ನೀನೊಂದು ಸಲ ನೋಡ್ಬಿಡು’ ಎಂದಳು. ನಾನು ನೋಡಿದೆ. ಪಾಲಕ್ ಪಾಲಕ್ಕೇ ಆಗಿತ್ತು. ‘ಸರಿ ಇದೆ’ ಎಂದೆ. ‘ನಿಜ್ವಾಗ್ಲೂ?’ ಎಂದಳು. ಅವಳು ನನ್ನನ್ನು ಹಾಗೆ ಕೇಳಿದ್ದು ಯಾವತ್ತೂ ಇಲ್ಲ.

ಬೇಳೆಯನ್ನು ಎರಡೆರಡು ಸಲ ಆರಿಸುತ್ತಾಳೆ. ಉಪ್ಪಿನ ಡಬ್ಬಿಯನ್ನು ನಾಲಿಗೆಗೆ ತಾಗಿಸಿ ನೋಡುತ್ತಾಳೆ. ನಿನ್ನೆ ನನ್ನ ಕುಪ್ಪಸಕ್ಕೆ ಇಸ್ತ್ರಿ ಹಾಕಿ, ‘ಇದು ನಿಂದೇ ತಾನೆ?’ ಎಂದು ತಂದಳು. ‘ಮೂಗು ಹೋಯ್ತು, ಜೊತೆಗೆ ಕಣ್ಣೂ ಹೋಗಿದೆ ಅಂತ ಕಾಣುತ್ತೆ ಅತ್ತೆಗೆ’ ಎಂದು ನೀನು ಫೋನಿನಲ್ಲಿ ಅಂದೆಯಲ್ಲ, ಸ್ಪೀಕರ್ ಆನ್ ಇತ್ತು. ಅವಳು ಕೇಳಿಸಿಕೊಂಡಳು. ನೀನು ಅವಳನ್ನು ಬಿಡಿಸಿಕೊಂಡು ಹೋಗಲು ಎಷ್ಟು ಸಲ ಪ್ರಯತ್ನಪಟ್ಟಿದ್ದೀಯ! ಪ್ರತಿ ಸಲವೂ ‘ನಿನ್ನ ಐದನೇ ಮಹಡಿ ಮನೇಲಿ ನಂಗೆ ಉಸಿರು ಕಟ್ಟುತ್ತೆ, ಒಂದು ಹುಲ್ಲುಕಡ್ಡಿ ಇಲ್ಲ’ ಎಂದು ಜಗಳ. ಈ ಸಲ ‘ಆಗ್ಲಿ, ಅವಳು ಹೇಳೋದು ಸರಿಯಾಗಿದೆ’ ಎಂದು ಬಿಟ್ಟಳು. ನಿನಗೆ ಅದು ಸಮಾಧಾನ. ನನಗೆ ಆ ‘ಆಗ್ಲಿ’ ಕೇಳಿದಾಗಿಂದ ಊಟ ಸೇರುತ್ತಿಲ್ಲ.

ಮಧ್ಯಾಹ್ನ ಗಡಿಯಾರ ಮಾವ ಮೇಲೆ ಬಂದರು. ಒಂದೊಂದು ಮೆಟ್ಟಿಲಿಗೂ ನಿಂತು ಬಂದದ್ದು ಕೇಳಿಸಿತು. ಕೈಯಲ್ಲಿ ಅದೇ ಬಟ್ಟಲು. ಬಾಗಿಲಲ್ಲಿ ನಿಂತು, ‘ಏನವ್ವಾ, ಸೊಪ್ಪಿನ ಯಜಮಾನಿ, ನನ್ನ ಪಾಲು ಎಲ್ಲಿ? ಹೂ ಬಿಟ್ಟ ಮೇಲೆ ಕೊಡ್ತೀಯಾ?’ ಎಂದರು.

ಅತ್ತೆ ಆರಿಸುತ್ತಿದ್ದ ಬೇಳೆಯ ಮೊರವನ್ನು ಪಕ್ಕಕ್ಕಿಟ್ಟಳು. ‘ನಿಮಗೆ ಬುದ್ಧಿ ಇದೆಯಾ?’ ಎಂದಳು.

‘ಇದ್ದಿದ್ರೆ ಈ ವಯಸ್ಸಿಗೆ ಬೇರೆಯವರ ಟೈಮ್ ಸರಿ ಮಾಡ್ತಾ ಕೂರ್ತಿದ್ನಾ? ಈ ಸಲ ಬೇಯಿಸೇ ಕೊಡು. ಹಸೀದು ಬೇಡ ಅಂತ ಮನೇಲಿ ಕೋರ್ಟ್ ಆರ್ಡರ್ ಆಗಿದೆ.’

ಕೆಳಗಿನಿಂದ ಅವರ ಹೆಂಡತಿಯ ದನಿ ಬಂತು: ‘ಕೇಳಿಸ್ತಿದೆ! ಬೇಯಿಸಿದ್ದೂ ಬೇಡ, ಇಳೀರಿ ಕೆಳಗೆ!’

ಮಾವ ಧ್ವನಿ ತಗ್ಗಿಸಿದರು. ‘ನೋಡು, ನನ್ನ ಅಂಗಡೀಲಿ ಒಂದು ಸಲ ಒಬ್ಬರ ಗಡಿಯಾರದ ಸ್ಪ್ರಿಂಗ್ ಇನ್ನೊಬ್ಬರದಕ್ಕೆ ಹಾಕಿ ಕೊಟ್ಟಿದ್ದೆ. ಅವನು ರೈಲು ತಪ್ಪಿಸ್ಕೊಂಡ. ಆಮೇಲೆ ನಾನು ಅಂಗಡಿ ಮುಚ್ಚಿದ್ನಾ?’

‘ಗಡಿಯಾರ ಕೆಟ್ರೆ ಸಾಯಲ್ಲ’ ಎಂದಳು ಅತ್ತೆ. ಆಮೇಲೆ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಯಾರದೋ ಕೈಗಳನ್ನು ನೋಡುವ ಹಾಗೆ ನೋಡಿದಳು. ‘ಆ ಜಾಗದಲ್ಲಿ ಮೂವತ್ತು ವರ್ಷದಿಂದ ಕೀಳ್ತಿದ್ದೀನಿ. ಅಲ್ಲಿ ಆ ಗಿಡ ಇಲ್ಲ ಅಂತ ನಂಗೆ ಗೊತ್ತು. ಆದ್ರೂ ನನ್ನ ಚೀಲದಲ್ಲಿ ಅದು ಬಂತು. ಅಂದ್ರೆ ನಾನು ಎಲ್ಲಿ ಕೂತಿದ್ದೆ, ಏನು ಕಿತ್ತೆ ಅನ್ನೋದೇ ನಂಗೆ ಗೊತ್ತಿಲ್ಲ ಅಂತಾಯ್ತಲ್ಲ ಮಾರಾಯ್ರೆ. ಇನ್ನು ಒಲೆ ಹಚ್ಚಕ್ಕೂ ಭಯ ಆಗುತ್ತೆ.’

ಮಾವ ಖಾಲಿ ಬಟ್ಟಲು ಹಿಡಿದು ಇಳಿದು ಹೋದರು. ಹೋಗುವ ಮುನ್ನ ನನ್ನ ತಲೆ ಸವರಿದರು. ಯಾಕೆ ಸವರಿದರೋ. ನಾನು ಚಹಾದ ಪಾತ್ರೆ ತೊಳೆಯುತ್ತಾ ನಿಂತಿದ್ದೆ, ಅದು ಆಗಲೇ ತೊಳೆದಾಗಿತ್ತು.

ಏಪ್ರಿಲ್ ೧೪, ಭಾನುವಾರ, ಮಧ್ಯಾಹ್ನ

ಬೆಳಿಗ್ಗೆ ಬಲವಂತ ಮಾಡಿ ಅತ್ತೆಯನ್ನು ದಂಡೆಗೆ ಕರೆದುಕೊಂಡು ಹೋದೆ. ಚೀಲ ಬೇಡ, ಚಾಕು ಬೇಡ, ಸುಮ್ಮನೆ ಗಾಳಿಗೆ ಎಂದೆ. ಬಂದಳು. ಬಿಸಿಲು ಎಳೆಯದಾಗಿತ್ತು. ಕಾಲುವೆಯ ನೀರು ತಿಳಿಯಾಗಿ ಕೆಳಗಿನ ಬೆಣಚುಕಲ್ಲು ಕಾಣುತ್ತಿತ್ತು. ತುರಿಕೆ ಗಿಡ ಮೊಣಕಾಲೆತ್ತರ ಬಂದಿದೆ, ಇನ್ನೊಂದು ವಾರಕ್ಕೆ ನಾರಾಗುತ್ತದೆ. ಕಹಿಸೊಪ್ಪಿನ ಹಳದಿ ಹೂ ರೈಲು ಹಳಿಯ ಜಲ್ಲಿಯ ನಡುವೆಯೂ ಎದ್ದಿದೆ. ಬೇರೆ ಯಾರೋ ಇಬ್ಬರು ಹೆಂಗಸರು ಬುಟ್ಟಿ ಹಿಡಿದು ಬಗ್ಗಿದ್ದರು. ಮೊದಲಾಗಿದ್ದರೆ ಅತ್ತೆ ಅವರ ಬುಟ್ಟಿಗೆ ಇಣುಕಿ, ‘ಅಯ್ಯೋ, ಬಲಿತದ್ದು ಬೇಡ, ಕುಡಿ ತಗೊಳ್ಳಿ’ ಎಂದು ಹೇಳದೆ ಮುಂದೆ ಹೋಗುತ್ತಿರಲಿಲ್ಲ. ಈಗ ನೆಟ್ಟಗೆ ಎದುರು ನೋಡಿಕೊಂಡು ನಡೆದಳು. ಒಂದು ಸಲವೂ ಕೆಳಗೆ ನೋಡಲಿಲ್ಲ. ಬಸ್ಸಿನ ಹಾದಿಯಲ್ಲಿ ನಡೆಯುವವಳ ಹಾಗೆ.

ಸೇತುವೆಯ ಹತ್ತಿರ ಕೂತೆವು. ‘ಅಕ್ಕನ ಮನೆಗೆ ಹೋಗ್ಲೇಬೇಕಾ?’ ಎಂದೆ.

‘ನಿಂಗೂ ಸ್ವಲ್ಪ ಉಸಿರಾಡಕ್ಕೆ ಆಗುತ್ತೆ’ ಎಂದಳು. ‘ಕೆಲಸ ಮುಗಿಸಿ ಬಂದು ಈ ಮುದುಕಿ ಅಡುಗೇಲಿ ಏನು ಹಾಕಿದ್ಲೋ ಅಂತ ಹೆದರ್ಕೊಂಡು ಉಣ್ಬೇಕಾಗಿಲ್ಲ.’

‘ನಾನು ಯಾವತ್ತು ಹೆದರಿದೆ?’

‘ಆವತ್ತಿಂದ ನೀನು ಸರಿಯಾಗಿ ಉಣ್ತಾ ಇಲ್ಲ ಕಣೆ. ನಂಗೇನು ಕಾಣಲ್ವಾ? ಅಷ್ಟಾದ್ರೂ ಕಣ್ಣಿದೆ.’

ವಾಪಸ್ಸು ಬರುವಾಗ ಏರಿನಲ್ಲಿ ನನ್ನ ತೋಳು ಹಿಡಿದುಕೊಂಡಳು. ಅವಳ ತೂಕ ಏನೂ ಇಲ್ಲ ಅಕ್ಕ. ಇಸ್ತ್ರಿ ಪೆಟ್ಟಿಗೆಯ ಸುಟ್ಟ ಗಾಯಗಳಿರುವ ಆ ಕೈ ಮಾತ್ರ ಗಟ್ಟಿಯಾಗಿದೆ.

ಈಗ ಒಳಕೋಣೆಯಲ್ಲಿ ಮಲಗಿದ್ದಾಳೆ. ಅವಳ ಟ್ರಂಕು ಮಂಚದ ಕೆಳಗಿನಿಂದ ಹೊರಬಂದು ಬಾಗಿಲ ಪಕ್ಕ ಕೂತಿದೆ. ಅರ್ಧ ತುಂಬಿದೆ. ಇನ್ನು ಒಂದು ವಾರ. ನೀನು ಕಾರು ತರಬೇಡ, ಅಥವಾ ತಂದರೂ ಮಕ್ಕಳನ್ನು ಕರೆದುಕೊಂಡು ಬಂದು ಎರಡು ದಿನ ಇದ್ದು ಹೋಗು. ಅವಳನ್ನು ಕರೆದೊಯ್ಯಬೇಡ. ನಿನ್ನ ಮನೆಯಲ್ಲಿ ಅವಳಿಗೆ ಒಂದು ಕೊರತೆಯೂ ಆಗುವುದಿಲ್ಲ, ನನಗೆ ಗೊತ್ತು. ನೀನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೀಯ. ಆದರೆ ಅವಳು ಈಗ ಹೊರಟರೆ, ತನ್ನ ತಲೆ ಕೆಟ್ಟಿದೆ, ಕೈ ಕೆಟ್ಟಿದೆ ಎಂದು ತೀರ್ಮಾನಿಸಿಕೊಂಡೇ ಹೊರಡುತ್ತಾಳೆ. ಐದನೆಯ ಮಹಡಿಯಲ್ಲಿ ಕೂತು ಉಳಿದ ದಿನಗಳನ್ನೆಲ್ಲ ಹಾಗೇ ನಂಬಿಕೊಂಡು ಕಳೆಯುತ್ತಾಳೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಚಿಕ್ಕವನ ಕೆನ್ನೆ ಗಿಲ್ಲು, ದೊಡ್ಡವಳದು ಬೇಡ, ಅವಳಿಗೆ ಈಗ ಸಿಟ್ಟು ಬರುತ್ತದೆ. ಮಲಗುವ ಮುನ್ನ ಅತ್ತೆಯನ್ನು ಕೇಳಿದೆ, ಅಕ್ಕನಿಗೆ ಏನು ಬರೆಯಲಿ ಎಂದು. ‘ಅವಳ ಬೆನ್ನು ನೋವು ಬೇಗ ಹೋಗ್ಲಿ, ಮಕ್ಕಳು ತಟ್ಟೆ ಖಾಲಿ ಮಾಡ್ಲಿ, ಗಂಡ ಹೆಂಡ್ತಿ ಒಂದೇ ಹೊತ್ತಿಗೆ ಸಿಟ್ಟು ಮಾಡ್ಕೊಳ್ದೇ ಇರ್ಲಿ ಅಂತ ಬರಿ’ ಎಂದಳು. ಬರೆದಿದ್ದೇನೆ.

ನಿನ್ನ ತಂಗಿ,
ಗುಮ್ಮಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಎಲ್ಲವನ್ನೂ ಒಂದು ಸಲ ಓದಿದೆ. ಇದರಲ್ಲಿ ಒಂದು ಸಾಲು ಸುಳ್ಳು. ‘ಒಂದೊಂದು ಎಲೆಯನ್ನೂ ಮೂಸಿಯೇ ಚೀಲಕ್ಕೆ ಹಾಕಿದೆ’ ಎಂದು ಗುರುವಾರ ಬರೆದಿದ್ದೇನಲ್ಲ, ಅದು. ಹೊಡೆದುಹಾಕಿ ತಿದ್ದಬಹುದಿತ್ತು. ಹಾಗೇ ಬಿಟ್ಟಿದ್ದೇನೆ. ಅತ್ತೆ ಹೇಗೆ ನಂಬಿದಳು ಎಂದು ನಿನಗೂ ಗೊತ್ತಾಗಲಿ.

ಆವತ್ತು ನನಗೆ ವಿಪರೀತ ಸುಸ್ತಾಗಿತ್ತು. ಅತ್ತೆ ಬಿಸಿಲಲ್ಲಿ ಹಾಡಿಕೊಂಡು ಕುಡಿ ಚಿವುಟುತ್ತಿದ್ದಳು, ಅವಳು ಮಧ್ಯಾಹ್ನದವರೆಗೆ ಏಳುವವಳಲ್ಲ. ನನಗೆ ಚೀಲ ಬೇಗ ತುಂಬಬೇಕಿತ್ತು, ಮನೆಗೆ ಹೋಗಿ ಬಿದ್ದುಕೊಳ್ಳಬೇಕಿತ್ತು. ಮೇಲೆ ಬಿದ್ದುಹೋದ ಗೋಡೆ ಇದೆಯಲ್ಲ, ಹಿಂದೆ ಯಾರದೋ ತೋಟವಿದ್ದ ಜಾಗ, ‘ಆ ಗೋಡೆ ಹತ್ರ ಮಾತ್ರ ಕೀಳ್ಬೇಡಿ’ ಎಂದು ಅವಳು ನಾವು ಚಿಕ್ಕವರಿದ್ದಾಗಿಂದ ಹೇಳುತ್ತಿದ್ದ ಜಾಗ, ಅದರ ನೆರಳಲ್ಲಿ ಎಲೆ ಒತ್ತೊತ್ತಾಗಿ ಬೆಳೆದಿತ್ತು. ಅಲ್ಲಿಗೆ ಹೋಗಿ ಎರಡೂ ಕೈಯಲ್ಲಿ ಬಾಚಿ ಕಿತ್ತೆ. ಕೈ ಒಂದು ಸಲ ತೊಳೆದಿದ್ದೆ, ಆಮೇಲೆ ಇಲ್ಲ. ನೀರು ತಣ್ಣಗಿತ್ತು. ಮೂಸಿದೆ ಎಂದರೆ ಮೂಸಿದೆ, ಬರೀ ನನ್ನ ಬೆರಳನ್ನು ಮೂಸಿದೆ.

ಆಸ್ಪತ್ರೆಯಿಂದ ಬಂದ ರಾತ್ರಿ ಅತ್ತೆ ಅಡುಗೆಮನೆಯಲ್ಲಿ ಕೇಳಿದಳು. ಬೈಯುವ ಧಾಟಿಯಲ್ಲಿ ಅಲ್ಲ, ಮೆತ್ತಗೆ, ‘ಗೋಡೆ ಕಡೆ ಏನಾದ್ರೂ ಹೋಗಿದ್ಯೇನೆ?’ ಎಂದು. ‘ಇಲ್ಲ’ ಎಂದೆ. ‘ಎಲ್ಲ ಮೂಸಿದ್ಯಾ?’ ‘ಹೂಂ’ ಎಂದೆ. ಅವಳು ಎರಡನೆಯ ಸಲ ಕೇಳಲಿಲ್ಲ. ನಾನು ಸುಳ್ಳು ಹೇಳಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲ, ಅಕ್ಕ. ಅದಕ್ಕೆ ತನ್ನ ಕಣ್ಣನ್ನೇ ಅನುಮಾನಿಸಿದಳು.

ಹದಿನಾಲ್ಕು ದಿನ ಆಯಿತು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಂಡು ಏಳುತ್ತೇನೆ. ಇವತ್ತು ಸೇತುವೆಯ ಹತ್ತಿರ ಬಾಯಿಯವರೆಗೆ ಬಂದಿತ್ತು. ಮೊದಲು ನಿನಗೆ ಬರೆಯುತ್ತಿದ್ದೇನೆ, ಯಾಕೆಂದರೆ ನೀನು ಬೈಯುತ್ತೀಯ. ಚೆನ್ನಾಗಿ ಬೈ. ಈಗ ಕೆಳಗಿಳಿದು ಇದನ್ನು ಅಂಚೆ ಡಬ್ಬಿಗೆ ಹಾಕುತ್ತೇನೆ. ಹಾಕಿದ ಮೇಲೆ ಇದು ನನ್ನ ಕೈಯಲ್ಲಿ ಇರುವುದಿಲ್ಲ. ಆಮೇಲೆ ಮೇಲೆ ಬಂದು ಅತ್ತೆಯನ್ನು ಎಬ್ಬಿಸಿ ಹೇಳುತ್ತೇನೆ, ಆಮೇಲೆ ಗಡಿಯಾರ ಮಾವನ ಮನೆಗೆ ಹೋಗಿ ಅಲ್ಲೂ ಹೇಳುತ್ತೇನೆ. ಮಾವನ ಹೆಂಡತಿ ಏನಂದರೂ ಕೇಳಿಸಿಕೊಳ್ಳಬಲ್ಲೆ. ಅತ್ತೆ ಒಂದು ಮಾತೂ ಬೈಯುವುದಿಲ್ಲ. ‘ಪಾಪ, ಅಷ್ಟು ಸುಸ್ತಾಗಿತ್ತೇನೆ ನಿಂಗೆ?’ ಎನ್ನುತ್ತಾಳೆ. ಅದನ್ನು ಹೇಗೆ ಕೇಳಿಸಿಕೊಳ್ಳಬೇಕೋ ಗೊತ್ತಿಲ್ಲ.